ಕಲಿಕಾ ನಿರ್ವಹಣಾ ವ್ಯವಸ್ಥೆಯಲ್ಲಿ ಸಾಮರ್ಥ್ಯಾಧಾರಿತ ಮೌಲ್ಯಮಾಪನ

ಕನ್ನಡ ಮಾಧ್ಯಮದಲ್ಲಿ ನಾಲ್ಕನೆಯ ಅಥವಾ ಏಳನೆಯ ತರಗತಿ ಮುಗಿಸಿದ ಮಗು ಮುಂದಿನ ವರ್ಷ ಮರಾಠಿ ಮಾಧ್ಯಮದ ಶಾಲೆಗೆ ಸೇರುವುದು ಉಮರಗಾ, ನಿಲಂಗಾ, ಉದಗೀರ ತಾಲೂಕುಗಳಲ್ಲಿ ಅಪರೂಪದ ಸಂಗತಿಯಲ್ಲ. ಮಗುವಿನ ಜೊತೆಗೆ ಒಂದು ಪ್ರಗತಿ ಪುಸ್ತಕ ಹೋಗುತ್ತದೆ. ಅದರಲ್ಲಿ ಗಣಿತದ ಎದುರು ‘ಬಿ-2’ ಎಂದಿದ್ದರೆ, ನೂರಕ್ಕೆ 61ರಿಂದ 70ರ ನಡುವೆ ಅಂಕಗಳು ಬಂದಿವೆ ಎಂಬಷ್ಟೇ ಹೊಸ ಶಿಕ್ಷಕರಿಗೆ ತಿಳಿಯುತ್ತದೆ. ಮಗುವಿಗೆ ಭಾಗಾಕಾರ ಬರುತ್ತದೆಯೇ, ಭಿನ್ನರಾಶಿಗಳನ್ನು ಹೋಲಿಸಲು ಬರುತ್ತದೆಯೇ ಎಂಬುದು ತಿಳಿಯುವುದಿಲ್ಲ. ಅದನ್ನು ಹೇಳಬಲ್ಲ ವರ್ಣನಾತ್ಮಕ ಟಿಪ್ಪಣಿಯು ಕನ್ನಡದಲ್ಲಿದೆ. ಅಲ್ಲಿ ಕನ್ನಡ ಓದಬಲ್ಲವರು ಇಲ್ಲದಿರಬಹುದು. ಮೊದಲ ವಾರಗಳಲ್ಲಿ ಮಗು ಮರಾಠಿಯಲ್ಲಿ ತಡವರಿಸುತ್ತದೆ. ತಡವರಿಕೆಯನ್ನು ಕಂಡವರು ಲೆಕ್ಕವೂ ಬಾರದೆಂದು ಬಗೆಯುತ್ತಾರೆ. ಬಂದ ವಿದ್ಯೆಯನ್ನು ಮಗು ಮತ್ತೊಮ್ಮೆ ಮೊದಲಿನಿಂದ ಸಾಬೀತುಪಡಿಸಬೇಕಾಗುತ್ತದೆ.

ಈ ತಾಲೂಕುಗಳ ಭಾಷಾಸ್ಥಿತಿಗೆ ಚರಿತ್ರೆಯ ಹಿನ್ನೆಲೆಯಿದೆ. ಉದಗೀರ ಮತ್ತು ನಿಲಂಗಾ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಅಹಮದಪುರದೊಂದಿಗೆ ಅವು ಮುಂಬಯಿ ರಾಜ್ಯಕ್ಕೆ ಸೇರಿದವು; 1982ರಲ್ಲಿ ಲಾತೂರ ಜಿಲ್ಲೆಯಾದಾಗ ಅದರ ಭಾಗವಾದವು. ಉಮರಗಾ ಉಸ್ಮಾನಾಬಾದ, ಅಂದರೆ ಈಗಿನ ಧಾರಾಶಿವ ಜಿಲ್ಲೆಯಲ್ಲಿದೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿಯೂ ಅದೇ 1956ರ ಏಳನೆಯ ತಿದ್ದುಪಡಿಯಿಂದ ಬಂದುದು. ಅಕ್ಕಲಕೋಟೆ, ಜತ್ತ ತಾಲೂಕುಗಳಂತೆ ಇಲ್ಲಿ ಕನ್ನಡ ಶಾಲೆಗಳು ಒತ್ತೊತ್ತಾಗಿಲ್ಲ. ಶಾಲೆಗಳು ವಿರಳವಾದಷ್ಟೂ ಮಾಧ್ಯಮ ಬದಲಿಸುವ ಮಗುವಿನ ದಾಖಲೆ ಹೆಚ್ಚು ಸ್ಪಷ್ಟವಾಗಿರಬೇಕು.

ಸಾಮರ್ಥ್ಯಾಧಾರಿತ ಮೌಲ್ಯಮಾಪನದ ಪ್ರಯೋಜನ ಇಂಥಲ್ಲಿ ಎದ್ದು ಕಾಣುತ್ತದೆ. ಬಾಲಭಾರತಿಯು ಒಂದೇ ಪಠ್ಯಕ್ರಮವನ್ನು ಮರಾಠಿ, ಕನ್ನಡ, ಉರ್ದು, ತೆಲುಗು ಮೊದಲಾದ ಭಾಷೆಗಳ ಪಠ್ಯಪುಸ್ತಕಗಳಲ್ಲಿ ಕೊಡುತ್ತದೆ. ಕಲಿಕಾ ಫಲಗಳಿಗೆ, ಮರಾಠಿಯಲ್ಲಿ ಅಧ್ಯಯನ ನಿಷ್ಪತ್ತಿ ಎನ್ನುವವುಗಳಿಗೆ, ಸಂಕೇತಾಂಕಗಳಿವೆ: ಮೊದಲ ಭಾಗ ತರಗತಿಯದು, ನಡುವಿನದು ವಿಷಯದ್ದು, ಕೊನೆಯದು ಕ್ರಮಾಂಕ. ಗಣಿತ, ವಿಜ್ಞಾನಗಳ ಕಲಿಕಾ ಫಲವು ಮಾಧ್ಯಮ ಬದಲಾದರೂ ಬದಲಾಗುವುದಿಲ್ಲ. ಆದುದರಿಂದ ಮಗುವಿನ ದಾಖಲೆಯನ್ನು ಸಂಕೇತಾಂಕದ ಮೇಲೆ ಕಟ್ಟಿದರೆ ಮರಾಠಿ ಶಿಕ್ಷಕರು ತಮ್ಮ ಪುಸ್ತಕದಲ್ಲಿರುವ ಅದೇ ಅಂಕವನ್ನು ನೋಡಿ ಅದರ ಅರ್ಥ ತಿಳಿಯಬಲ್ಲರು. ಅನುವಾದಕರ ಅಗತ್ಯ ಬೀಳದು. ಶಾಲೆಯ ಕಲಿಕಾ ನಿರ್ವಹಣಾ ವ್ಯವಸ್ಥೆಯನ್ನು ಜೋಡಿಸುವಾಗ ಉಳಿದೆಲ್ಲ ನಿರ್ಧಾರಗಳೂ ಇದನ್ನು ಅನುಸರಿಸಬೇಕು.

ಸಾಮರ್ಥ್ಯದ ಮಾತು ಹೊಸದೇನಲ್ಲ. 1991ರ ಕನಿಷ್ಠ ಕಲಿಕಾ ಮಟ್ಟಗಳ ದಾಖಲೆಯು ಭಾಷೆ, ಗಣಿತ, ಪರಿಸರ ಅಧ್ಯಯನಗಳ ಸಾಮರ್ಥ್ಯಗಳನ್ನು ತರಗತಿವಾರು ಅಂಕಿಯಿಟ್ಟು ಪಟ್ಟಿ ಮಾಡಿತ್ತು. ಆ ಕಾಲದ ಶಿಕ್ಷಕರಿಗೆ ಉಳಿದ ನೆನಪು ಹೆಚ್ಚಾಗಿ ತಖ್ತೆ ತುಂಬಿದ್ದರದು. ಪ್ರತಿ ಮಗುವಿಗೆ ಪ್ರತಿ ಸಾಮರ್ಥ್ಯವನ್ನು ಕೈಯಿಂದ ಗುರುತಿಸುವ ಕೆಲಸ ಕಲಿಸುವ ವೇಳೆಯನ್ನೇ ತಿನ್ನುತ್ತಿತ್ತು. ಗಣಕಯಂತ್ರ ಆ ಶ್ರಮವನ್ನು ಕಡಿಮೆ ಮಾಡಬಲ್ಲದು, ಸರಿಯಾಗಿ ಜೋಡಿಸಿದರೆ ಮಾತ್ರ. ಇಲ್ಲವಾದರೆ ಅದೇ ತಖ್ತೆ ಪರದೆಯ ಮೇಲೆ ಮರಳಿ ಬರುತ್ತದೆ.

ಇಲ್ಲಿನ ವಿವರಣೆಗೆ ಮೂಡಲ್ ಎಂಬ ಮುಕ್ತ ತಂತ್ರಾಂಶವನ್ನು ಆಧಾರವಾಗಿ ಇಟ್ಟುಕೊಳ್ಳಲಾಗಿದೆ. ಆಸ್ಟ್ರೇಲಿಯದ ಮಾರ್ಟಿನ್ ಡೂಗಿಯಮಾಸ್ ರೂಪಿಸಿದ ಇದರ ಮೊದಲ ಪೂರ್ಣ ಆವೃತ್ತಿ 2002ರಲ್ಲಿ ಬಂದಿತು. ಸಾಮರ್ಥ್ಯಗಳ ವಿಭಾಗ 2016ರ 3.1ನೆಯ ಆವೃತ್ತಿಯಲ್ಲಿ ಸೇರಿತು. ತಂತ್ರಾಂಶಕ್ಕೆ ಶುಲ್ಕವಿಲ್ಲ. ಬೇರೆ ವ್ಯವಸ್ಥೆಯನ್ನು ಬಳಸುವ ಶಾಲೆಗಳಲ್ಲಿ ಗುಂಡಿಗಳ ಹೆಸರುಗಳು ಬೇರೆಯಾದರೂ ತೆಗೆದುಕೊಳ್ಳಬೇಕಾದ ನಿರ್ಧಾರಗಳು ಇವೇ.

ಮೊದಲ ಕೆಲಸ ಸಾಮರ್ಥ್ಯಗಳ ಚೌಕಟ್ಟು. ಅದು ಮರದಂತೆ ಕವಲೊಡೆಯುತ್ತದೆ. ಬುನಾದಿ ಹಂತದ 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಪಠ್ಯಕ್ರಮದ ಗುರಿ, ಅದರ ಕೆಳಗೆ ಸಾಮರ್ಥ್ಯ, ಅದರ ಕೆಳಗೆ ಕಲಿಕಾ ಫಲ ಎಂಬ ಮೂರು ಮೆಟ್ಟಿಲುಗಳನ್ನು ಕೊಟ್ಟಿದೆ. ಮೂಡಲ್‌ನ ಮರಕ್ಕೂ ಇದು ಹೊಂದುತ್ತದೆ. ಪ್ರತಿ ಕೊಂಬೆಗೆ ಒಂದು ಗುರುತಿನ ಸಂಖ್ಯೆ ಕೊಡಬೇಕಾಗುತ್ತದೆ. ಅಲ್ಲಿ ಶಾಲೆಯು ತನ್ನದೇ ಸಂಖ್ಯೆಯನ್ನು ಕಲ್ಪಿಸದೆ ಬಾಲಭಾರತಿಯ ಸಂಕೇತಾಂಕವನ್ನೇ ಬರೆಯಬೇಕು. ವಿವರಣೆಯ ಜಾಗದಲ್ಲಿ ಕನ್ನಡ ವಾಕ್ಯದ ಕೆಳಗೆ ಮರಾಠಿ ಪುಸ್ತಕದ ವಾಕ್ಯವನ್ನೂ ಸೇರಿಸುವುದು ಒಂದು ಸಂಜೆಯ ಕೆಲಸ. ಅದರ ಉಪಯೋಗ ವರ್ಷಗಟ್ಟಲೆ ಇರುತ್ತದೆ. ಇಡೀ ಪಟ್ಟಿಯನ್ನು ಒಂದೊಂದಾಗಿ ಬೆರಳಚ್ಚಿಸುವುದು ಬೇಡ. ನಾಲ್ಕೈದು ಸಾಮರ್ಥ್ಯಗಳ ಚಿಕ್ಕ ಚೌಕಟ್ಟನ್ನು ಕೈಯಿಂದ ತಯಾರಿಸಿ, ಅದನ್ನು ಸಿಎಸ್‌ವಿ ಕಡತವಾಗಿ ಹೊರತೆಗೆದು, ಅದೇ ಮಾದರಿಯಲ್ಲಿ ಉಳಿದವನ್ನು ತುಂಬಿ ಮರಳಿ ಒಳತಂದರೆ ಸಾಕು. ಕಡತವನ್ನು ಯುಟಿಎಫ್-8 ರೂಪದಲ್ಲಿ ಉಳಿಸದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ನುಡಿ ಅಥವಾ ಬರಹದ ಹಳೆಯ ಅಕ್ಷರವಿನ್ಯಾಸದಲ್ಲಿರುವ ಪ್ರಶ್ನೆಪತ್ರಿಕೆಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು.

ಭಾಷೆಗಳಿಗೆ ಬೇರೆ ಬೇರೆ ಚೌಕಟ್ಟುಗಳು ಬೇಕು. 2020ರ ಕಾಯಿದೆಯಿಂದ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯವಾಗಿದೆ. ಕನ್ನಡ ಶಾಲೆಯ ಮಗು ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಕಲಿಯುತ್ತದೆ. ‘ಭಾಷಾ ಸಾಮರ್ಥ್ಯ’ ಎಂಬ ಒಂದೇ ಬುಟ್ಟಿಯಲ್ಲಿ ಮೂರನ್ನೂ ಹಾಕಿದರೆ ಕನ್ನಡದಲ್ಲಿ ನಿರರ್ಗಳವಾಗಿ ಓದುವ ಮಗುವೂ ನಡುಮಟ್ಟದ್ದಾಗಿ ತೋರುತ್ತದೆ.

ಎರಡನೆಯದು ಅಳತೆಗೋಲು. ಮೂಡಲ್‌ನಲ್ಲಿ ಅದನ್ನು ಕೆಳಗಿನ ಮಟ್ಟದಿಂದ ಮೇಲಿನ ಮಟ್ಟಕ್ಕೆ, ನಡುವೆ ಅಲ್ಪವಿರಾಮವಿಟ್ಟು ಬರೆಯಬೇಕು. ‘ಉತ್ತಮ, ಸಾಧಾರಣ’ ಎಂಬ ಗುಣವಾಚಕಗಳು ಮತ್ತೆ ಅಂಕಗಳ ನೆರಳೇ ಆಗುತ್ತವೆ. ಮಗು ಏನು ಮಾಡಿತು ಎಂದು ಹೇಳುವ ಮಾತುಗಳು ಮೇಲು: ಇನ್ನೂ ಆರಂಭದಲ್ಲಿದೆ, ನೆರವಿನಿಂದ ಮಾಡುತ್ತದೆ, ತಾನಾಗಿ ಮಾಡುತ್ತದೆ, ಹೊಸ ಸಂದರ್ಭದಲ್ಲಿಯೂ ಮಾಡುತ್ತದೆ. ಇವುಗಳಲ್ಲಿ ಯಾವುದರಿಂದ ಮೇಲೆ ಸಾಮರ್ಥ್ಯ ಸಿದ್ಧಿಸಿತೆಂದು ಎಣಿಸಬೇಕೆಂಬುದನ್ನೂ ವ್ಯವಸ್ಥೆಗೆ ಹೇಳಬೇಕು. ‘ತಾನಾಗಿ ಮಾಡುತ್ತದೆ’ ಎಂಬುದು ಸಮಂಜಸ ಗೆರೆ. ಮಕ್ಕಳಿಗೆ ಮಟ್ಟ ಕೊಡಲು ಆರಂಭಿಸಿದ ಬಳಿಕ ಆ ಚೌಕಟ್ಟಿನ ಅಳತೆಗೋಲನ್ನು ಬದಲಾಯಿಸಲು ಬರುವುದಿಲ್ಲ. ಆದುದರಿಂದ ಶಾಲೆಯ ಶಿಕ್ಷಕರೆಲ್ಲರೂ ಜೂನ್ ತಿಂಗಳಲ್ಲೇ ಕೂತು ಚರ್ಚಿಸಿ ಒಪ್ಪಬೇಕು.

ಮೂರನೆಯದಾದ ಪುರಾವೆಯ ವಿಷಯದಲ್ಲಿಯೇ ಹೆಚ್ಚಿನ ಶಾಲೆಗಳು ಅವಸರ ಮಾಡುತ್ತವೆ. ಒಂದು ಚಟುವಟಿಕೆಯನ್ನು ಸಾಮರ್ಥ್ಯಕ್ಕೆ ಜೋಡಿಸಿದಾಗ, ಅದು ಮುಗಿದೊಡನೆ ಏನಾಗಬೇಕೆಂದು ಮೂಡಲ್ ಕೇಳುತ್ತದೆ: ಏನೂ ಆಗುವುದು ಬೇಡ, ಪುರಾವೆಯಾಗಿ ಸೇರಿಸು, ಪರಿಶೀಲನೆಗೆ ಕಳುಹಿಸು, ಸಾಮರ್ಥ್ಯ ಪೂರ್ಣವಾಯಿತೆಂದು ಗುರುತಿಸು. ಕೊನೆಯದು ಆಕರ್ಷಕ, ಶಿಕ್ಷಕರ ಕೈಕೆಲಸ ಉಳಿಯುತ್ತದೆ. ಆದರೆ ಐದು ಬಹು ಆಯ್ಕೆಯ ಪ್ರಶ್ನೆಗಳಿಗೆ ಗುರಿಯಿಲ್ಲದೆ ಗುಂಡಿಯೊತ್ತಿದ ಮಗುವೂ ಅದರಿಂದ ಸಮರ್ಥವೆನಿಸಬಹುದು. ರಸಪ್ರಶ್ನೆಗೆ ‘ಪುರಾವೆಯಾಗಿ ಸೇರಿಸು’, ಮಗು ಮಾಡಿದ ಕೆಲಸಕ್ಕೆ ‘ಪರಿಶೀಲನೆಗೆ ಕಳುಹಿಸು’ ಎಂದಿಟ್ಟು, ಮಟ್ಟವನ್ನು ನಿರ್ಧರಿಸುವ ಮಾತನ್ನು ಶಿಕ್ಷಕರೇ ಉಳಿಸಿಕೊಳ್ಳುವುದು ಸೂಕ್ತ. 2010ರಿಂದ ಮಹಾರಾಷ್ಟ್ರದ ಸಾತತ್ಯಪೂರ್ಣ ಸರ್ವಂಕಷ ಮೌಲ್ಯಮಾಪನದಲ್ಲಿ ಬಳಕೆಯಲ್ಲಿರುವ ದೈನಂದಿನ ನಿರೀಕ್ಷಣೆ, ಮೌಖಿಕ ಕೆಲಸ, ಪ್ರಾತ್ಯಕ್ಷಿಕೆ, ಉಪಕ್ರಮ, ಪ್ರಕಲ್ಪ, ಚಾಚಣಿ, ಸ್ವಾಧ್ಯಾಯ ಎಂಬ ಸಾಧನಗಳೇ ಇಲ್ಲಿ ಪುರಾವೆಯ ಮೂಲಗಳಾಗುತ್ತವೆ. ಒಂದನೆಯ, ಎರಡನೆಯ ತರಗತಿಯ ಮಕ್ಕಳು ಗಣಕದ ಮುಂದೆ ಕೂಡಬೇಕಾಗಿಯೇ ಇಲ್ಲ. ಮಗು ಹೇಳಿದ್ದನ್ನು ಕೇಳಿ ಶಿಕ್ಷಕರೇ ಮಟ್ಟವನ್ನೂ ಎರಡು ಸಾಲಿನ ಟಿಪ್ಪಣಿಯನ್ನೂ ದಾಖಲಿಸಬಹುದು.

ಪುರಾವೆ ಎಂಥದಿರಬೇಕು? ನಾಲ್ಕು–ಐದನೆಯ ತರಗತಿಯ ಭಿನ್ನರಾಶಿಯನ್ನು ನೋಡೋಣ. ‘ಒಂದೂವರೆ’ಯನ್ನು ಭಿನ್ನರಾಶಿಯಲ್ಲಿ ಬರೆ ಎಂದರೆ ಉದಗೀರದ ಕಡೆಯ ಮಗು ಸುಮ್ಮನೆ ನಿಲ್ಲಬಹುದು. ಅದೇ ಮಗು ಅಂಗಡಿಯಲ್ಲಿ ದೀಡ ಕಿಲೋ ಸಕ್ಕರೆಗೆ ಎಷ್ಟಾಯಿತೆಂದು ಬಾಯಲ್ಲೇ ಹೇಳುತ್ತದೆ. ಪಾವ, ಪೌಣ, ಸವ್ವಾ, ದೀಡ, ಅಡೀಚ ಇವೆಲ್ಲ ಮನೆಯ ಮಾತು. ಕಾಲು, ಮುಕ್ಕಾಲು, ಒಂದೂಕಾಲು, ಒಂದೂವರೆ, ಎರಡೂವರೆ ಪುಸ್ತಕದ ಮಾತು. ಇಲ್ಲಿ ಕೊರತೆಯಿರುವುದು ಶಬ್ದದಲ್ಲಿ, ಗಣಿತದಲ್ಲಲ್ಲ. ಪ್ರಶ್ನೆಯನ್ನು ಹೀಗೆ ರಚಿಸಬಹುದು: ಮೂರು ಎಕರೆ ಹೊಲದ ಮುಕ್ಕಾಲು (ಪೌಣ) ಭಾಗದಲ್ಲಿ ಸೋಯಾಬೀನ, ಉಳಿದುದರಲ್ಲಿ ತೊಗರಿ ಬಿತ್ತಿದ್ದಾರೆ, ತೊಗರಿ ಎಷ್ಟು ಗುಂಟೆ? ಎಕರೆಗೆ 40 ಗುಂಟೆಯಂತೆ ಹೊಲ 120 ಗುಂಟೆ, ಸೋಯಾಬೀನ 90, ತೊಗರಿ 30. ಚಿತ್ರ ಬರೆದು ನಾಲ್ಕು ಪಾಲು ಮಾಡಿದ ಮಗು, ನೇರವಾಗಿ ಕಾಲುಭಾಗ ತೆಗೆದ ಮಗು, 90 ಎಂದು ನಿಲ್ಲಿಸಿದ ಮಗು ಇವರ ಮೂವರ ತಿಳಿವಳಿಕೆ ಬೇರೆ ಬೇರೆ. ಹಾಳೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಏರಿಸಿದರೆ ಆ ವ್ಯತ್ಯಾಸ ದಾಖಲೆಯಲ್ಲಿ ಉಳಿಯುತ್ತದೆ. ಮಗು ಮನೆಮಾತಿನಲ್ಲಿ ಉತ್ತರಿಸಿದರೆ ಗಣಿತದ ಸಾಮರ್ಥ್ಯವನ್ನು ಪೂರ್ಣವಾಗಿ ಕೊಟ್ಟು, ‘ಒಂದೂವರೆ’ ಎಂಬ ಶಬ್ದವನ್ನು ಕನ್ನಡದ ಚೌಕಟ್ಟಿನಲ್ಲಿ ಬೇರೆಯಾಗಿ ನೋಡಬೇಕು.

ಸ್ವಯಂಚಾಲಿತ ಪ್ರಶ್ನೆಗಳಲ್ಲಿ ಕನ್ನಡ ಲಿಪಿ ಇನ್ನೊಂದು ತೊಡಕನ್ನು ತರುತ್ತದೆ. ಕಿರು ಉತ್ತರದ ಪ್ರಶ್ನೆಯಲ್ಲಿ ಯಂತ್ರವು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ: ‘ಗುಂಟೆ’ ಎಂದು ಇಟ್ಟಿದ್ದರೆ ‘ಗುಂಠೆ’ ತಪ್ಪಾಗುತ್ತದೆ. ಕೀಲಿಮಣೆ ಕೆಲವೊಮ್ಮೆ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆಯನ್ನು ನಡುವೆ ಸೇರಿಸುತ್ತದೆ. ಆಗ ನೋಡಲು ಒಂದೇ ಆದ ಎರಡು ಶಬ್ದಗಳು ಯಂತ್ರಕ್ಕೆ ಬೇರೆಯಾಗುತ್ತವೆ. ಉತ್ತರದ ಎಲ್ಲ ರೂಪಗಳನ್ನೂ ಸೇರಿಸಬೇಕು. ಉತ್ತರವನ್ನು ‘೩೦’ ಎಂದು ಕನ್ನಡ ಅಂಕಿಯಲ್ಲಿ ಬರೆದಾಗ ವ್ಯವಸ್ಥೆ ಏನು ಮಾಡುತ್ತದೆಂಬುದನ್ನು ಶಿಕ್ಷಕರು ತಾವೇ ವಿದ್ಯಾರ್ಥಿಯಾಗಿ ಪ್ರವೇಶಿಸಿ ಮೊದಲೇ ನೋಡಿಕೊಳ್ಳಬೇಕು.

ಅಂಕ ಮತ್ತು ಸಾಮರ್ಥ್ಯ ಎರಡೂ ಬೇಕು, ಆದರೆ ಬೆರೆಸಬಾರದು. ಆಕಾರಿಕ ಮತ್ತು ಸಂಕಲಿತ ಮೌಲ್ಯಮಾಪನದ ಭಾರಾಂಶ ಒಂದು–ಎರಡನೆಯ ತರಗತಿಗೆ 70:30, ಮೂರು–ನಾಲ್ಕಕ್ಕೆ 60:40, ಐದು–ಆರಕ್ಕೆ 50:50, ಏಳು–ಎಂಟಕ್ಕೆ 40:60 ಎಂದಿದೆ. ಈ ಲೆಕ್ಕ ಮೂಡಲ್‌ನ ಅಂಕಪುಸ್ತಕದಲ್ಲಿರಲಿ. ಅಂಕಗಳು ವರ್ಷವಿಡೀ ಸರಾಸರಿಯಾಗುತ್ತವೆ. ಸಾಮರ್ಥ್ಯ ಇಂದಿನ ಸ್ಥಿತಿಯನ್ನು ಹೇಳುತ್ತದೆ. ಕಬ್ಬು ಕಡಿಯಲು ಹೋಗುವ ತಂದೆತಾಯಿಗಳೊಡನೆ ದೀಪಾವಳಿಯ ಹೊತ್ತಿಗೆ ಊರು ಬಿಟ್ಟು ಬೇಸಿಗೆಗೆ ಮರಳುವ ಮಗುವಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಸರಾಸರಿಯಲ್ಲಿ ಅದು ತಪ್ಪಿಸಿಕೊಂಡ ಚಾಚಣಿಗಳ ಸೊನ್ನೆಗಳು ಸೇರುತ್ತವೆ. ಸಾಮರ್ಥ್ಯದ ದಾಖಲೆಯಲ್ಲಿ ಭಾಗಾಕಾರ ಸೆಪ್ಟೆಂಬರಿನಲ್ಲೇ ಸಿದ್ಧಿಸಿದೆ ಎಂಬುದು ದಿನಾಂಕ ಸಹಿತ ಇರುತ್ತದೆ. ಮರಳಿದ ಮೇಲೆ ಎಲ್ಲಿಂದ ಆರಂಭಿಸಬೇಕೆಂಬುದು ಶಿಕ್ಷಕರಿಗೆ ತಿಳಿಯುತ್ತದೆ.

2023–24ರಲ್ಲಿ ಮೂರರಿಂದ ಎಂಟನೆಯ ತರಗತಿಯವರೆಗೆ ಆರಂಭವಾದ ನಿಯತಕಾಲಿಕ ಮೌಲ್ಯಾಂಕನ ಚಾಚಣಿಯ ಅಂಕಗಳನ್ನು ಶಿಕ್ಷಕರು ರಾಜ್ಯದ ಚಾಟ್‌ಬಾಟ್‌ನಲ್ಲಿ ತುಂಬುತ್ತಾರೆ. ಆ ಪ್ರಶ್ನೆಪತ್ರಿಕೆಯನ್ನು ಕಪಾಟಿಗೆ ಸೇರಿಸುವ ಮೊದಲು ಪ್ರತಿ ಪ್ರಶ್ನೆಯ ಎದುರು ಸಂಕೇತಾಂಕ ಬರೆದರೆ, ಒಮ್ಮೆ ತಿದ್ದಿದ್ದು ಎರಡು ಕಡೆ ಕೆಲಸಕ್ಕೆ ಬರುತ್ತದೆ.

ಅಂತರ್ಜಾಲ ದುರ್ಬಲವಾದ ಊರುಗಳಲ್ಲಿ ಮೂಡಲ್‌ಬಾಕ್ಸ್ ಎಂಬ ಏರ್ಪಾಡು ಪರಿಶೀಲನಾರ್ಹ. ಅಂಗೈಯಗಲದ ರಾಸ್ಪ್‌ಬೆರಿ ಪೈ ಗಣಕದ ಮೇಲೆ ಮೂಡಲ್ ನಡೆಯುತ್ತದೆ. ಅದು ತನ್ನದೇ ವೈಫೈ ಹರಡುವುದರಿಂದ ತರಗತಿಯೊಳಗೆ ಅಂತರ್ಜಾಲವಿಲ್ಲದೆ ಕೆಲಸ ಸಾಗುತ್ತದೆ. ಪ್ರತಿ ಶನಿವಾರ ದತ್ತಾಂಶದ ಪ್ರತಿಯನ್ನು ಬೇರೊಂದು ಸಾಧನದಲ್ಲಿ ಇರಿಸುವುದನ್ನು ಮಾತ್ರ ಮರೆಯಬಾರದು. ಮಕ್ಕಳ ಬಳಕೆದಾರ ಹೆಸರಿಗೆ ಜನರಲ್ ರಜಿಸ್ಟರಿನ ಸಂಖ್ಯೆ ಸಾಕು, ಆಧಾರ್ ಸಂಖ್ಯೆ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷದೊಳಗಿನವರ ಮಾಹಿತಿಗೆ ಪಾಲಕರ ಸಮ್ಮತಿಯನ್ನು ಕೇಳುತ್ತದೆ. ಪಾಲಕರ ಸಭೆಯಲ್ಲಿ ಕನ್ನಡದಲ್ಲೇ ವಿವರಿಸಿ ಸಹಿ ಪಡೆಯಬೇಕು.

ಎಲ್ಲವನ್ನೂ ಒಮ್ಮೆಗೇ ಆರಂಭಿಸುವುದು ಸಲ್ಲದು. ಇಬ್ಬರು ಶಿಕ್ಷಕರ ಶಾಲೆಯಲ್ಲಿ ಮೊದಲ ವರ್ಷ ನಾಲ್ಕನೆಯ ತರಗತಿಯ ಗಣಿತ ಮತ್ತು ಮರಾಠಿ ಎರಡೇ ಸಾಕು, ಏಕೆಂದರೆ ಶಾಲೆ ಬಿಡುವ ಮಗುವಿಗೆ ಮೊದಲು ಬೇಕಾಗುವುದು ಇವೇ. ಏಪ್ರಿಲಿನಲ್ಲಿ ಪ್ರತಿ ಮಗುವಿನ ಸಾಮರ್ಥ್ಯಗಳ ಪಟ್ಟಿಯನ್ನು ಸಂಕೇತಾಂಕ, ಮರಾಠಿ ವಾಕ್ಯ, ತಲುಪಿದ ಮಟ್ಟ ಮತ್ತು ದಿನಾಂಕಗಳೊಂದಿಗೆ ಮುದ್ರಿಸಿ, ಮುಖ್ಯಾಧ್ಯಾಪಕರ ಸಹಿಯೊಡನೆ ಪ್ರಗತಿ ಪುಸ್ತಕಕ್ಕೆ ಲಗತ್ತಿಸಬೇಕು. ಹೊಸ ಶಾಲೆಯಲ್ಲಿಯೂ ಮೂಡಲ್ ಇದ್ದರೆ ಅದೇ ಹಾಳೆಯನ್ನು, ಭಿನ್ನರಾಶಿಯ ಹೊಲದ ಚಿತ್ರದೊಂದಿಗೆ, ‘ಪೂರ್ವ ಕಲಿಕೆಯ ಪುರಾವೆ’ ಎಂಬ ಜಾಗದಲ್ಲಿ ಏರಿಸಲು ಬರುತ್ತದೆ. ಇಲ್ಲದಿದ್ದರೆ ಹಾಳೆಯ ಒಂದು ಪ್ರತಿಯನ್ನು ಪಾಲಕರ ಕೈಗೂ ಕೊಡಬೇಕು.