ಚೆಂಡು ಕೇಳುವ ನೆಪದಲ್ಲಿ

ಬಡಾವಣೆಯ ಬೀದಿಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಪಕ್ಕದ ಮನೆಯೊಳಗೆ ಗಂಡಸೊಬ್ಬ ಅಬ್ಬರಿಸುತ್ತಾನೆ, ಹೆಂಗಸಿನ ಅಳು ಕೇಳಿಸುತ್ತದೆ. ಆಟ ನಿಲ್ಲುತ್ತದೆ. ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಅವರಲ್ಲೊಬ್ಬ ಹೋಗಿ ಆ ಮನೆಯ ಕಾಲಿಂಗ್ ಬೆಲ್ ಒತ್ತುತ್ತಾನೆ. ಬಾಗಿಲು ತೆರೆದವನ ಹತ್ತಿರ ಚೆಂಡು ಕೇಳುತ್ತಾನೆ. ಚೆಂಡು ಹುಡುಗನ ಬಳಿಯೇ ಇದೆ. ಅದು ಬಾಗಿಲ ಆಚೆ ಈಚೆ ನಿಂತ ಇಬ್ಬರಿಗೂ ಗೊತ್ತಾಗುತ್ತದೆ. ಜಾಹೀರಾತು ಇಷ್ಟೇ.

ಗೃಹಹಿಂಸೆಯ ವಿರುದ್ಧ 2008ರ ಆಗಸ್ಟಿನಲ್ಲಿ ಶುರುವಾದ 'ಬೆಲ್ ಬಜಾವೊ' ಪ್ರಚಾರದ ತುಣುಕು ಇದು. ಅದೇ ಸರಣಿಯ ಇನ್ನೊಂದರಲ್ಲಿ ಯುವಕನೊಬ್ಬ ಎದುರು ಮನೆಯ ಬೆಲ್ ಒತ್ತಿ, ಒಂದು ಫೋನ್ ಮಾಡಿಕೊಳ್ಳಲೇ ಎಂದು ಕೇಳುತ್ತಾನೆ. ಅಷ್ಟರಲ್ಲಿ ಅವನದೇ ಮೊಬೈಲು ರಿಂಗಾಗುತ್ತದೆ. ಈ ಎರಡರಲ್ಲೂ ಯಾರೂ ಯಾರಿಗೂ ಬುದ್ಧಿ ಹೇಳುವುದಿಲ್ಲ. ಹೊಡೆತ ಕಣ್ಣಿಗೆ ಬೀಳುವುದಿಲ್ಲ, ಕಿವಿಗೆ ಮಾತ್ರ ಬೀಳುತ್ತದೆ. ನೆರೆಯವರಿಗೆ ಅದು ಗೊತ್ತಾಗುವುದೂ ಹಾಗೆಯೇ ಅಲ್ಲವೆ?

ಸಾಮಾಜಿಕ ಜಾಹೀರಾತುಗಳೆಂದರೆ ಸಾಮಾನ್ಯವಾಗಿ ನನಗೆ ಆಕಳಿಕೆ. ಕಪ್ಪುಗಟ್ಟಿದ ಕಣ್ಣಿನ ಹೆಂಗಸಿನ ಫೋಟೊ, ಕೆಳಗೊಂದು ಗದರಿಕೆಯ ಸಾಲು, ಮೂಲೆಯಲ್ಲಿ ಇಲಾಖೆಯ ಲಾಂಛನ. ಇದು ಬೇರೆ ಅನ್ನಿಸಿದ್ದು ಆ ನೆಪದಿಂದ. ನಮ್ಮಲ್ಲಿ ನೆರೆಮನೆಯ ಬಾಗಿಲು ತಟ್ಟಲು ನೆಪಗಳಿಗೆ ಬರವೇ ಇರಲಿಲ್ಲ: ಹೆಪ್ಪಿಗೆ ಒಂದು ಚಮಚ ಮೊಸರು, ನೆಂಟರು ಬಂದಾಗ ಕಾಫಿಪುಡಿ, ಇವತ್ತಿನ ಪೇಪರು. ಜಗಳ ಬಿಡಿಸಲು ಹೋಗಲಾರದವನೂ ಮೊಸರಿಗೆ ಹೋಗಬಲ್ಲ. ಬಾಗಿಲು ತೆರೆದವನನ್ನು ಅವನು ಏನೂ ಕೇಳಬೇಕಾಗಿಲ್ಲ. 'ನಿಮ್ಮ ಮನೆಯದು ನಮಗೆ ಕೇಳಿಸಿತು' ಎಂಬುದನ್ನು ಅವನು ಬಂದು ನಿಂತದ್ದೇ ಹೇಳುತ್ತದೆ. ಒಳಗಿನವನಿಗೆ ಎಗರಾಡಲು ಕಾರಣವಿಲ್ಲ, ಹೊರಗಿನವನಿಗೆ ಸಾಕ್ಷಿ ಹೇಳುವ ಗೋಜಿಲ್ಲ. ಅರ್ಧ ನಿಮಿಷ ಕೈ ತಡೆಯುತ್ತದೆ. ಎಷ್ಟೋ ಸಲ ಆ ಅರ್ಧ ನಿಮಿಷ ಸಾಕಾಗುತ್ತದೆ, ಎಷ್ಟೋ ಸಲ ಸಾಲುವುದಿಲ್ಲ.

'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ' ಎಂದು ಹೇಳಿಕೊಂಡು ಬೆಳೆದವರು ನಾವು. ಬೆಂಗಳೂರು, ಮೈಸೂರಿನ ಹಳೆಯ ವಠಾರಗಳಲ್ಲಿ ಒಂದು ಮನೆಯ ಒಗ್ಗರಣೆಯ ಘಮ ಆರು ಮನೆಗೆ ಹೋಗುತ್ತಿತ್ತು. ಪಾತ್ರೆ ಎಸೆದ ಸದ್ದು ಹೋಗದೆ ಇರುತ್ತದೆಯೆ? ಕೇಳಿಸದಿದ್ದುದು ತೊಂದರೆಯಾಗಿರಲಿಲ್ಲ. ಕೇಳಿಸಿದವರು ರೇಡಿಯೊದ ಸದ್ದು ಸ್ವಲ್ಪ ಏರಿಸುತ್ತಿದ್ದರು. ಮರುದಿನ ನಲ್ಲಿಯ ಹತ್ತಿರ ಆಕೆಯ ಕೆನ್ನೆ ನೋಡಿ 'ಬಿದ್ದಿರಾ?' ಎಂದು ಕೇಳಿ, ಬಿದ್ದೆ ಎಂಬ ಉತ್ತರವನ್ನು ನಂಬುತ್ತಿದ್ದರು. ಅದೂ ಒಂದು ಬಗೆಯ ಸಭ್ಯತೆಯೇ. ಬೆಲ್ ಬಜಾವೊ ಮಾತಾಡಿಸಿದ್ದು ಆ ಸಭ್ಯಸ್ಥರನ್ನು. ಹೊಡೆಯುವವನನ್ನಲ್ಲ, ಹೊಡೆಸಿಕೊಳ್ಳುವವಳನ್ನೂ ಅಲ್ಲ.

ಪ್ರಚಾರ ನಡೆಸಿದ ಸಂಸ್ಥೆಯ ಹೆಸರು ಬ್ರೇಕ್‌ಥ್ರೂ. 2000ದಲ್ಲಿ ಅದನ್ನು ಕಟ್ಟಿದವರು ಮಲ್ಲಿಕಾ ದತ್. ಕಾನೂನು ಓದಿದ ಮಲ್ಲಿಕಾ, ಅಮೆರಿಕದಲ್ಲಿರುವ ದಕ್ಷಿಣ ಏಷ್ಯಾದ ಹೆಂಗಸರಿಗಾಗಿ 1989ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ 'ಸಖಿ' ಎಂಬ ಸಂಘಟನೆಯ ಸ್ಥಾಪಕಿಯರಲ್ಲಿ ಒಬ್ಬರು. ಮುಂದೆ ದೆಹಲಿಗೆ ಬಂದು ಫೋರ್ಡ್ ಫೌಂಡೇಶನ್ನಿನಲ್ಲಿ ಮಾನವ ಹಕ್ಕುಗಳ ವಿಭಾಗ ನೋಡಿಕೊಂಡರು. ಹಕ್ಕುಗಳ ಮಾತು ವಿಚಾರ ಸಂಕಿರಣದ ಊಟದ ಹಾಲ್ ದಾಟುತ್ತಿಲ್ಲ ಎನ್ನಿಸಿದ ಎಷ್ಟೋ ಜನ ಅದರ ಬಗ್ಗೆ ಇನ್ನೊಂದು ಸಂಕಿರಣ ಏರ್ಪಡಿಸುತ್ತಾರೆ. ಈಕೆ ಹಾಡಿನ ಆಲ್ಬಂ ಮಾಡಿಸಿದರು.

ಆ ಆಲ್ಬಂ 'ಮನ್ ಕೆ ಮಂಜೀರೆ'. ಹಾಡಿದವರು ಶುಭಾ ಮುದ್ಗಲ್, ಸಂಗೀತ ಶಂತನು ಮೊಯಿತ್ರಾ, ಸಾಹಿತ್ಯ ಪ್ರಸೂನ್ ಜೋಷಿ. ಹೊಡೆಯುವ ಗಂಡನನ್ನು ಬಿಟ್ಟು ಬಂದು ವಾಹನ ಓಡಿಸಿ ಬದುಕು ಕಟ್ಟಿಕೊಂಡ ಹೆಂಗಸೊಬ್ಬಳ ನಿಜ ಕಥೆ ಅದರ ವಿಡಿಯೊಗೆ ಎಳೆ. ನಟಿ ಮೀತಾ ವಶಿಷ್ಠ ಸ್ಟೇರಿಂಗ್ ಹಿಡಿದು ಕೂತ ಆ ಲಾರಿ ಆಗ ಮ್ಯೂಸಿಕ್ ಚಾನೆಲ್ಲುಗಳಲ್ಲಿ ಓಡುತ್ತಲೇ ಇತ್ತು. ಸಿನಿಮಾದ ಹಾಡಲ್ಲ, ಪ್ರೇಮಗೀತೆಯಲ್ಲ. ಆದರೂ ಜನ ಗುನುಗಿದರು. ಹಾಡು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಕರಪತ್ರ ಹೋಗುವುದಿಲ್ಲ ಎಂಬುದು ಸಂಸ್ಥೆಗೆ ಮೊದಲ ವರ್ಷವೇ ಮನದಟ್ಟಾಗಿರಬೇಕು.

ಇಲ್ಲಿ ನನಗೊಂದು ಚಿಕ್ಕ ತಕರಾರಿದೆ. 2000ದ ಹಾಡಿನಲ್ಲಿ ಹೆಣ್ಣು ತಾನೇ ಎದ್ದು ಹೊರಡುತ್ತಾಳೆ, ಗಾಡಿಯೂ ಅವಳ ಕೈಯಲ್ಲೇ ಇರುತ್ತದೆ. ಎಂಟು ವರ್ಷ ಕಳೆಯುವಷ್ಟರಲ್ಲಿ ಅವಳು ಬಾಗಿಲ ಹಿಂದಿನ ಬರೀ ದನಿಯಾಗುತ್ತಾಳೆ. ಬೆಲ್ ಒತ್ತುವವನು ಗಂಡಸು. ಕಾಪಾಡುವವನೂ ಅವನೇ ಆಗಬೇಕೆ? ಇದಕ್ಕೆ ಪ್ರಚಾರದವರ ಉತ್ತರ ಸಿದ್ಧವಿತ್ತು: ಗಂಡಸರನ್ನು ಹೊರಗಿಟ್ಟು ಮಾತಾಡಿದರೆ ಮಾತು ನಮ್ಮನಮ್ಮಲ್ಲೇ ಉಳಿಯುತ್ತದೆ, ಅವರನ್ನು ಅಪರಾಧಿಗಳ ಬೆಂಚಿನಿಂದ ಎಬ್ಬಿಸಿ ಜೊತೆಗೆ ನಿಲ್ಲಿಸಿಕೊಳ್ಳಬೇಕು. ಒಪ್ಪಬಹುದಾದ ಉತ್ತರವೇ. ಆದರೂ ಲಾರಿ ಓಡಿಸಿದವಳೇ ನನಗೆ ಹೆಚ್ಚು ಇಷ್ಟ.

ಬೆಲ್ ಬಜಾವೊದ ಚಿತ್ರಗಳನ್ನು ರೂಪಿಸಿದ್ದು ಓಗಿಲ್ವಿ ಅಂಡ್ ಮೇದರ್ ಜಾಹೀರಾತು ಏಜೆನ್ಸಿ, ಅದೂ ಶುಲ್ಕವಿಲ್ಲದೆ. ನಿರ್ದೇಶಿಸಿದವರು ಬೌದ್ಧಾಯನ್ ಮುಖರ್ಜಿ. ನಟ ಬೊಮನ್ ಇರಾನಿ ಪ್ರಚಾರಕ್ಕೆ ಮುಖ ಕೊಟ್ಟರು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಕೈಜೋಡಿಸಿದ್ದರಿಂದ ಟಿ.ವಿ., ರೇಡಿಯೊ, ಪತ್ರಿಕೆಗಳಲ್ಲಿ ಜಾಗ ಸಿಕ್ಕಿತು. 2010ರಲ್ಲಿ ಕಾನ್ ಜಾಹೀರಾತು ಉತ್ಸವದ ಬೆಳ್ಳಿ ಸಿಂಹವೂ ಬಂತು. ಏಜೆನ್ಸಿಗಳು ಪುಕ್ಕಟೆ ಕೆಲಸ ಮಾಡುವುದೇ ಈ ಸಿಂಹಗಳ ಆಸೆಗೆ ಎಂಬ ಕುಹಕ ಆ ಲೋಕದಲ್ಲಿ ಹಳೆಯದು, ಪೂರ್ತಿ ಸುಳ್ಳೂ ಅಲ್ಲ. ಸೋಪು ಮಾರುವ ಜಾಹೀರಾತಿನಲ್ಲಿ ಗಿರಾಕಿ ಮೂಗು ತೂರಿಸುತ್ತಾನೆ, ಲೋಗೊ ದೊಡ್ಡದು ಮಾಡಿ ಅನ್ನುತ್ತಾನೆ. ಇಲ್ಲಿ ಆ ಕಾಟ ಕಡಿಮೆ. ಬರೆಯುವವನಿಗೆ ಕೈ ಬಿಚ್ಚಿ ಬರೆಯುವ ಸುಖ ಸಿಗುತ್ತದೆ. ಆ ಸುಖದಿಂದ ಇಂಥ ಚೆಂಡೊಂದು ಹೊಳೆಯುವುದಾದರೆ ಸಿಂಹವನ್ನೂ ಇಟ್ಟುಕೊಳ್ಳಲಿ.

ಪ್ರಚಾರಕ್ಕೆ ಒಂದು ಹಿನ್ನೆಲೆ ಇತ್ತು, ಅದನ್ನು ಹೇಳದೆ ಬೆಲ್ಲಿನ ಕಥೆ ಪೂರ್ತಿಯಾಗದು. ಗೃಹಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಅಂಗೀಕಾರವಾಗಿ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಅದಕ್ಕೂ ಮೊದಲು ಹೊಡೆತ ತಿಂದವಳಿಗೆ ಇದ್ದ ದೊಡ್ಡ ದಾರಿಯೆಂದರೆ ದಂಡ ಸಂಹಿತೆಯ 498ಎ, ಅಂದರೆ ಗಂಡನನ್ನು ಜೈಲಿಗೆ ಕಳಿಸುವ ದಾರಿ. ಬಹಳ ಮಂದಿಗೆ ಬೇಕಾಗಿದ್ದುದು ಅದಲ್ಲ. ಹೊಡೆತ ನಿಲ್ಲಬೇಕು, ಮನೆಯಿಂದ ಹೊರಗೆ ದಬ್ಬಬಾರದು, ಅಷ್ಟೇ. ಹೊಸ ಕಾಯ್ದೆ ಮನೆಯಲ್ಲಿ ವಾಸಿಸುವ ಹಕ್ಕು ಕೊಟ್ಟಿತು, ಸಂರಕ್ಷಣಾ ಆದೇಶ ಹೊರಡಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು. ಅದರ ನಾಲ್ಕನೆಯ ಸೆಕ್ಷನ್ ಓದಿದಾಗ ಆ ಕ್ರಿಕೆಟ್ ಹುಡುಗ ಮತ್ತೆ ನೆನಪಾಗುತ್ತಾನೆ. ಹಿಂಸೆ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರುವುದಿಲ್ಲ. ನೆರೆಯವರಿಗಾಗಿಯೇ ಬರೆದ ಸೆಕ್ಷನ್ ಅದು. ನಮ್ಮ ರಾಜ್ಯದಲ್ಲಿ ಈ ಅಧಿಕಾರಿ ಬೇರಾರೂ ಅಲ್ಲ, ಅಂಗನವಾಡಿಗಳ ಮೇಲ್ವಿಚಾರಣೆಯ ಹೊರೆ ಹೊತ್ತ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿ.ಡಿ.ಪಿ.ಒ. ಪಾಪ, ಅವರ ಮೇಜಿನ ಮೇಲೆ ಮೊದಲೇ ಮೊಟ್ಟೆಯ ಲೆಕ್ಕ, ಕಟ್ಟಡದ ಬಾಡಿಗೆ, ಕಾರ್ಯಕರ್ತೆಯರ ಗೌರವಧನ.

ಟಿ.ವಿ.ಯಲ್ಲಿ ನೋಡಿದ್ದು ಬೀದಿಗೂ ಬಂತು. ಕರ್ನಾಟಕ, ಉತ್ತರ ಪ್ರದೇಶದಂಥ ಕಡೆ ಸಂಸ್ಥೆಯ ವಿಡಿಯೊ ವ್ಯಾನುಗಳು ಓಡಾಡಿದವು. ತುಣುಕು ತೋರಿಸುವುದು, ಬೀದಿ ನಾಟಕ ಆಡುವುದು, ಆಟ ಆಡಿಸುವುದು, ಜನರನ್ನು ಮಾತಿಗೆಳೆಯುವುದು. ಇದು ನಮಗೇನೂ ಹೊಸದಲ್ಲ. ಸಾಕ್ಷರತಾ ಆಂದೋಲನದ ದಿನಗಳ ಕಲಾಜಾಥಾ ಕಂಡವರಿಗೆ, 'ಸಮುದಾಯ' ತಂಡದ ಬೀದಿ ನಾಟಕ ನೋಡಿದವರಿಗೆ ಈ ವ್ಯಾನು ದೂರದ ನೆಂಟನಂತೆ ಕಂಡಿರಬಹುದು. ವ್ಯಾನು ನಿಂತ ಎಷ್ಟೋ ಊರುಗಳ ಮನೆಗಳಿಗೆ ಬೆಲ್ಲೇ ಇರಲಿಲ್ಲ. ಹಗಲೆಲ್ಲ ತೆರೆದೇ ಇರುವ ಬಾಗಿಲಿಗೆ ಬೆಲ್ ಯಾಕೆ? ಅಲ್ಲಿ ಅಂಗಳದಿಂದಲೇ 'ಯಾರವ್ವಾ ಒಳಗೆ?' ಎಂದು ಕೂಗಿದರಾಯಿತು.

ಪ್ರಚಾರ ಹದಿಮೂರು ಕೋಟಿ ಜನರನ್ನು ತಲುಪಿತು ಎಂಬುದು ಸಂಸ್ಥೆಯ ಲೆಕ್ಕ. ತಲುಪುವುದೆಂದರೇನು ಎಂಬುದೇ ಈ ವೃತ್ತಿಯ ದೊಡ್ಡ ತೊಡಕು. ಧಾರಾವಾಹಿಯ ನಡುವೆ ಜಾಹೀರಾತು ಬಂದಾಗ ನಾವು ಎದ್ದು ಹಾಲು ಕಾಯಿಸಲು ಹೋಗಿದ್ದರೂ ಆ ಲೆಕ್ಕಕ್ಕೆ ಸೇರುತ್ತೇವೆ. ಸಂಸ್ಥೆಗೂ ಇದು ಗೊತ್ತಿದ್ದ ಹಾಗಿದೆ, ಮುಂದೆ ಅದು ಹಿಡಿದದ್ದು ಬಲು ನಿಧಾನದ ಕೆಲಸ. ಹರಿಯಾಣದ ಸರ್ಕಾರಿ ಶಾಲೆಗಳಲ್ಲಿ 'ತಾರೋಂ ಕಿ ಟೋಲಿ' ಎಂಬ ಹೆಸರಿನಲ್ಲಿ ಏಳರಿಂದ ಹತ್ತನೆಯ ತರಗತಿಯ ಮಕ್ಕಳೊಂದಿಗೆ ಎರಡೂವರೆ ವರ್ಷ, ಮುಕ್ಕಾಲು ಗಂಟೆಯ ಪಾಠಗಳಲ್ಲಿ ಮಾತುಕತೆ: ಮನೆಯಲ್ಲಿ ನೀರು ತರುವವರು ಯಾರು, ತಂಗಿ ಓದು ಬಿಟ್ಟಿದ್ದು ಯಾಕೆ, ಅಮ್ಮ ಊಟ ಮಾಡುವುದು ಎಷ್ಟು ಹೊತ್ತಿಗೆ ಎಂಬಂಥ ಪ್ರಶ್ನೆಗಳ ಸುತ್ತ. ದಿವಾ ಧರ್, ತರುಣ್ ಜೈನ್, ಸೀಮಾ ಜಯಚಂದ್ರನ್ ಎಂಬ ಅರ್ಥಶಾಸ್ತ್ರಜ್ಞರು 314 ಶಾಲೆಗಳನ್ನು ಆರಿಸಿ, ಪಾಠ ನಡೆದ ಶಾಲೆ, ನಡೆಯದ ಶಾಲೆಗಳನ್ನು ಹೋಲಿಸಿದರು. ಹೆಣ್ಣು ಗಂಡಿನ ಬಗೆಗಿನ ಹಳೆಯ ಧೋರಣೆಗಳಲ್ಲಿ ಶೇ 16ರಷ್ಟು ಬದಲಾಗಿದ್ದವು; ಪಾಠ ನಿಂತು ಎರಡು ವರ್ಷವಾದ ಮೇಲೂ ಬದಲಾವಣೆ ಉಳಿದಿತ್ತು. ಹುಡುಗರು ಮನೆಗೆಲಸಕ್ಕೆ ಕೈ ಹಾಕುವುದು ಹೆಚ್ಚಿತ್ತು. 2022ರಲ್ಲಿ ಈ ಅಧ್ಯಯನ ಅಮೆರಿಕನ್ ಎಕನಾಮಿಕ್ ರಿವ್ಯೂನಲ್ಲಿ ಪ್ರಕಟವಾಯಿತು. ಬೆಳ್ಳಿ ಸಿಂಹಕ್ಕಿಂತ ಈ ಹದಿನಾರಕ್ಕೆ ನನ್ನ ಗೌರವ ಹೆಚ್ಚು. ಆದರೆ ಎರಡೂವರೆ ವರ್ಷದ ಪಾಠವನ್ನು ಯಾವ ಉತ್ಸವದಲ್ಲೂ ತೆರೆಯ ಮೇಲೆ ತೋರಿಸಲಾಗದು.

ಕಚೇರಿಗಳ ಮಾತನ್ನೂ ಸ್ವಲ್ಪ ಹೇಳಬೇಕು, ಈಗ ಹಣವಿರುವುದು ಅಲ್ಲೇ. ರಾಜಸ್ಥಾನದ ಭಂವರಿ ದೇವಿ ಎಂಬ ಸಾಥಿನ್ (ಹಳ್ಳಿಯ ಮಹಿಳಾ ಕಾರ್ಯಕರ್ತೆ) ಮೇಲಿನ ದೌರ್ಜನ್ಯ ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪಿಗೆ, ಆ ತೀರ್ಪು ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಗೆ ದಾರಿಯಾಯಿತು. ಹತ್ತು ಜನ ದುಡಿಯುವ ಕಡೆಯೆಲ್ಲ ಆಂತರಿಕ ಸಮಿತಿ ಇರಲೇಬೇಕು. ಅದೇ ವರ್ಷದ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಲಾಭದ ಶೇ 2ನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು ಎಂದಿತು. ಸಂವಹನದ ಏಜೆನ್ಸಿಗಳಿಗೆ ಸುಗ್ಗಿ. ಬೆಂಗಳೂರಿನ ಐ.ಟಿ. ಕ್ಯಾಂಪಸ್ಸುಗಳಲ್ಲಿ ಕಾಫಿ ಮೆಷಿನ್ನಿನ ಪಕ್ಕ, ಲಿಫ್ಟಿನೊಳಗೆ, ಮಾರ್ಚ್ 8ರ ಕೇಕಿನ ಹಿಂದೆ ಚೆಂದದ ಪೋಸ್ಟರುಗಳು ಬಂದವು. ವರ್ಷಕ್ಕೊಮ್ಮೆ ಎಲ್ಲರೂ ಕಂಪ್ಯೂಟರಿನಲ್ಲಿ 'ನೆಕ್ಸ್ಟ್' ಒತ್ತುತ್ತ ಮುಗಿಸುವ ತರಬೇತಿ ಬಂತು. ಮೀಟಿಂಗಿನಲ್ಲಿ ಮ್ಯಾನೇಜರು ಹೆಣ್ಣುಮಗಳೊಬ್ಬಳ ಮೇಲೆ ಕೊಳಕು ಜೋಕು ಹೊಡೆದಾಗ ಪಕ್ಕದಲ್ಲಿ ಕೂತವನು ಹುಡುಕಬೇಕಾದ ನೆಪ ಯಾವುದು? ಆ ಪೋಸ್ಟರುಗಳಲ್ಲಿ ನಾನು ಅದನ್ನು ಕಂಡಿಲ್ಲ. 'ಶೂನ್ಯ ಸಹನೆ' ಎಂಬ ದಪ್ಪಕ್ಷರ ಮಾತ್ರ ಎಲ್ಲೆಡೆ ಇದೆ.

ಬೆಲ್ ಬಜಾವೊ ಶುರುವಾಗುವಾಗ ಎದುರಿಗಿದ್ದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2005-06ರದು. ಅದರ ಪ್ರಕಾರ ದೇಶದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ 37ರಷ್ಟು ಮಂದಿ ಗಂಡನ ಹಿಂಸೆ ಅನುಭವಿಸಿದ್ದರು. 2019-21ರ ಸಮೀಕ್ಷೆಯಲ್ಲಿ ದೇಶದ ಸರಾಸರಿ ಶೇ 29ಕ್ಕೆ ಇಳಿದಿದೆ. ಕರ್ನಾಟಕದ ಸಾಲಿಗೆ ಬಂದರೆ ಕಣ್ಣು ಉಜ್ಜಿಕೊಳ್ಳಬೇಕಾಗುತ್ತದೆ: ಅದರ ಹಿಂದಿನ ಸಮೀಕ್ಷೆಯಲ್ಲಿ ಶೇ 20ರ ಆಸುಪಾಸು ಇದ್ದದ್ದು ಶೇ 44.4 ಆಗಿದೆ, ರಾಜ್ಯಗಳಲ್ಲೇ ಅತಿ ಹೆಚ್ಚು. ಹಿಂಸೆ ಹೆಚ್ಚಾಯಿತೋ, ಮುಚ್ಚಿಡುತ್ತಿದ್ದವರು ಬಾಯಿಬಿಟ್ಟರೋ ಎಂದು ಬಲ್ಲವರು ವಾದಿಸುತ್ತಾರೆ. ಎರಡನೆಯದೇ ನಿಜವಾದರೂ, ಇಷ್ಟು ವರ್ಷ ಅಷ್ಟೂ ಮನೆಗಳ ಅಕ್ಕಪಕ್ಕದಲ್ಲಿ ಯಾರೋ ಇದ್ದರು ಎಂದಾಯಿತು.

ಸಹಾಯವಾಣಿ 181 ಇದೆ, ಸಾಂತ್ವನ ಕೇಂದ್ರಗಳಿವೆ, ಯೂಟ್ಯೂಬಿನಲ್ಲಿ ಆ ಹಳೆಯ ಜಾಹೀರಾತುಗಳೂ ಇವೆ. ವಠಾರಗಳು ಕೆಡವಿಸಿಕೊಂಡು ಅಪಾರ್ಟ್‌ಮೆಂಟುಗಳಾಗಿವೆ. ಬೇರೆ ಬ್ಲಾಕಿನವರು ಬಂದರೂ ಸೆಕ್ಯುರಿಟಿಯವನು ಇಂಟರ್‌ಕಾಮಿನಲ್ಲಿ ಒಳಗಿನವರ ಒಪ್ಪಿಗೆ ಕೇಳುತ್ತಾನೆ, ಬಾಗಿಲ ಮೇಲಿನ ಕ್ಯಾಮೆರಾ ಬಂದವರ ಮುಖ ತೋರಿಸುತ್ತದೆ, ಬೇಡವೆನಿಸಿದರೆ ತೆರೆಯದೆ ಇರಬಹುದು. ಮೊಸರು, ಕಾಫಿಪುಡಿ ಹತ್ತು ನಿಮಿಷದಲ್ಲಿ ಮೊಬೈಲಿನಿಂದಲೇ ಬರುತ್ತವೆ. ಮಕ್ಕಳು ಕ್ರಿಕೆಟ್ ಆಡಬೇಕಾದರೆ ಅಸೋಸಿಯೇಶನ್ನು ಗೊತ್ತು ಮಾಡಿದ ಬಲೆ ಕಟ್ಟಿದ ಅಂಕಣಕ್ಕೇ ಹೋಗಬೇಕು, ಅಲ್ಲಿಂದ ಯಾರ ಮನೆಗೂ ಚೆಂಡು ಬೀಳುವುದಿಲ್ಲ.