ಮದ್ದಳೆಯ ಜಮಾ-ಖರ್ಚು

ಕಳೆದ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಸಿದ್ದಾಪುರ ತಾಲೂಕಿನ ಮದ್ದಳೆವಾದಕರೊಬ್ಬರು ಶಿರಸಿಯ ನನ್ನ ಕಚೇರಿಗೆ ಬಂದಿದ್ದರು. ಕೈಯಲ್ಲಿ ಒಂದು ಪಾಸ್‌ಬುಕ್ಕು, ಅಂಚು ಹರಿದ ಒಂದು ನೋಟುಪುಸ್ತಕ. ಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಗುವಂತಿದೆ, ವಾದ್ಯಗಳನ್ನು ಮಾರಿ ಅದಕ್ಕೆ ಸೇರಿಬಿಡಲೇ ಎಂಬುದು ಅವರ ಪ್ರಶ್ನೆ. "ಇಪ್ಪತ್ತು ವರ್ಷ ಬಾರಿಸಿದೆ. ಲಾಭವೋ ನಷ್ಟವೋ ಒಮ್ಮೆಯೂ ನೋಡಿಲ್ಲ. ನೀವೇ ನೋಡಿ ಹೇಳಿ, ಆಡಿಟರ್ರೇ" ಎಂದರು.

ವರ್ತಕರ ಮತ್ತು ಸಣ್ಣ ಉದ್ಯಮಿಗಳ ಈ ಪತ್ರಿಕೆಯಲ್ಲಿ ಮದ್ದಳೆಯ ವಿಷಯವೇಕೆ ಎಂದು ಓದುಗರು ಕೇಳಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಯಕ್ಷಗಾನ ಪ್ರದರ್ಶನಗಳ ವೆಚ್ಚವನ್ನು ಹೊರುವವರಲ್ಲಿ ನಮ್ಮ ಅಂಗಡಿ, ಮಂಡಿ, ಗಿರಣಿಗಳ ಮಾಲೀಕರೇ ಬಹಳ ಮಂದಿ. ಅಂಗಡಿಯ ವಾರ್ಷಿಕೋತ್ಸವವಿರಲಿ, ಮನೆಯ ಉಪನಯನವಿರಲಿ, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಿರಲಿ, ಆಟ ಆಡಿಸುವವರು ನಾವು. ಆದ್ದರಿಂದ ಇದು ಒಂದರ್ಥದಲ್ಲಿ ನಮ್ಮದೇ ಖರೀದಿಯ ಲೆಕ್ಕ.

ಯಕ್ಷಗಾನದಲ್ಲಿ ಪ್ರೇಕ್ಷಕನ ಕಣ್ಣು ವೇಷದ ಮೇಲೆ, ಕಿವಿ ಭಾಗವತರ ಮೇಲೆ. ಈ ಕಲೆಗೆ ಮೊದಲ ಪದ್ಮಶ್ರೀ 2012ರಲ್ಲಿ ಬಂದದ್ದು ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ, ಅಂದರೆ ವೇಷಧಾರಿಗೆ. ನಮ್ಮ ಶಿರಸಿ ಸೀಮೆಯ ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿ ತೀರಿಕೊಂಡಾಗ ಮನೆಮನೆಯಲ್ಲೂ ಅವರ ಹಾಡಿನ ನೆನಪು. ಚಂಡೆಯಾದರೋ ಊರಾಚೆಗೂ ಕೇಳುವ ವಾದ್ಯ. ಇವುಗಳ ನಡುವೆ ಕುಳಿತು, ಎಡಗೈಯಿಂದ ತಗ್ಗಿನ ನಾದವನ್ನೂ ಬಲಗೈಯಿಂದ ಶ್ರುತಿಯನ್ನೂ ಹಿಡಿದು, ಹಾಡಿಗೂ ಹೆಜ್ಜೆಗೂ ನೆಲ ಕಟ್ಟಿಕೊಡುವವನು ಮದ್ದಳೆಗಾರ. ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರ್ ಹಿಡಿದು ಹಿಂದೆ ನಿಲ್ಲುವ ಹುಡುಗನದೂ ಇದೇ ಪಾಡು: ಇದ್ದಾಗ ಯಾರೂ ಗಮನಿಸರು, ಇಲ್ಲದಿದ್ದರೆ ಏನೋ ಬರಿದೆನಿಸುತ್ತದೆ.

ಈಗ ಅವರ ಯಂತ್ರೋಪಕರಣಗಳ ವಿಚಾರ. ಮದ್ದಳೆಯ ಒಡಲು ಸಾಮಾನ್ಯವಾಗಿ ಹಲಸಿನ ಮರದ್ದು. ಎರಡೂ ಬಾಯಿಗೆ ಚರ್ಮದ ಮುಚ್ಚಿಗೆ. ಬಲದ ಮುಚ್ಚಿಗೆಯ ನಡುವೆ ಕಬ್ಬಿಣದ ಕಿಟ್ಟದ ಪುಡಿ ಮತ್ತು ಅನ್ನವನ್ನು ಅರೆದು ಪದರಪದರವಾಗಿ ಹಚ್ಚಿದ ಕಪ್ಪು ಕರಣೆ. ಮರ ದಶಕಗಟ್ಟಲೆ ಬಾಳುತ್ತದೆ, ಮುಚ್ಚಿಗೆ ಬಾಳದು. ಕರಣೆ ಬಿರಿಯುತ್ತದೆ, ಚರ್ಮ ಸಡಿಲಾಗುತ್ತದೆ. ಲೆಕ್ಕಶಾಸ್ತ್ರದ ಭಾಷೆಯಲ್ಲಿ ಮರದ ಒಡಲು ಸ್ಥಿರ ಬಂಡವಾಳ, ಮುಚ್ಚಿಗೆ ಚಾಲ್ತಿ ದುರಸ್ತಿ. ಮೊದಲನೆಯದಕ್ಕೆ ವರ್ಷಕ್ಕೆ ಶೇ. 15ರ ಸವಕಳಿ, ಎರಡನೆಯದು ಆ ವರ್ಷದ ಖರ್ಚು. ಇಷ್ಟು ಸ್ಪಷ್ಟವಾದ ವಿಂಗಡಣೆ ನನ್ನ ಎಷ್ಟೋ ಅಕ್ಕಿಗಿರಣಿ ಕಕ್ಷಿದಾರರ ಪುಸ್ತಕದಲ್ಲೂ ಸಿಗುವುದಿಲ್ಲ.

ಒಂದೇ ಮದ್ದಳೆ ಸಾಲದೇ ಎಂದು ನಾನು ಕೇಳಿದೆ. ಸಾಲದು. ಒಬ್ಬ ಭಾಗವತರು ಕಪ್ಪು ಎರಡರಲ್ಲಿ ಹಾಡಿದರೆ ಇನ್ನೊಬ್ಬರು ಬಿಳಿ ನಾಲ್ಕರಲ್ಲಿ ಹಾಡುತ್ತಾರೆ. ಮುಚ್ಚಿಗೆಯ ಅಂಚಿಗೆ ಪೆಟ್ಟುಕೊಟ್ಟು ಶ್ರುತಿಯನ್ನು ಸ್ವಲ್ಪ ಏರಿಸಬಹುದು, ಇಳಿಸಬಹುದು. ಅದರಾಚೆಗೆ ಎಳೆದರೆ ನಾದ ಒಣಗುತ್ತದೆ, ಕೆಲವೊಮ್ಮೆ ಚರ್ಮವೇ ಹರಿಯುತ್ತದೆ. ಏರುಶ್ರುತಿಗೆ ಬಾಯಿ ಕಿರಿದಾದ ಮದ್ದಳೆ, ತಗ್ಗುಶ್ರುತಿಗೆ ಅಗಲವಾದದ್ದು ಬೇಕು. ತೆಂಕುತಿಟ್ಟಿನಲ್ಲಿ ಲೀಲಾವತಿ ಬೈಪಡಿತ್ತಾಯರು ತೆರೆದ ದಾರಿಯಲ್ಲಿ ಇಂದು ಬಡಗಿನಲ್ಲೂ ಮಹಿಳಾ ಭಾಗವತರು ಹಾಡುತ್ತಿದ್ದಾರೆ. ಅವರ ಶ್ರುತಿಗೆ ಇನ್ನೊಂದು ವಾದ್ಯ. ಹೀಗೆ ನಮ್ಮ ವಾದಕರ ಬಳಿ ಮೂರು ಮದ್ದಳೆಗಳು.

ಹಿಂದೆ ಶ್ರುತಿಗೆ ಪುಂಗಿ ಇತ್ತು, ಆಮೇಲೆ ಹಾರ್ಮೋನಿಯಂ ಬಂತು. 1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣ್ ಅವರು ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿದ ಬಳಿಕ ಶ್ರುತಿಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಕೇಳಿಸತೊಡಗಿತು. ಯಂತ್ರದ ಶ್ರುತಿ ಅಲುಗದು. ಚರ್ಮವೋ ಮಲೆನಾಡಿನ ಇಬ್ಬನಿಗೆ ಅರ್ಧ ತಾಸಿನಲ್ಲಿ ಇಳಿಯುತ್ತದೆ. ಮೊದಲು ಕೆಂಡದ ಬಳಿ ಹಿಡಿದು ಕಾಯಿಸುತ್ತಿದ್ದರಂತೆ. ಈಗ ನಮ್ಮ ವಾದಕರ ಚೀಲದಲ್ಲಿ ಕೂದಲು ಒಣಗಿಸುವ ಯಂತ್ರವೊಂದಿದೆ. ಬಿಲ್ಲನ್ನು ನೋಡಿ ಇದು ಗೃಹಕೃತ್ಯದ ಖರ್ಚೆಂದು ನಾನು ಪಕ್ಕಕ್ಕಿಟ್ಟಿದ್ದೆ. ಅವರು ನಕ್ಕು, ತಮ್ಮ ಬೋಳುತಲೆಯನ್ನು ತೋರಿಸಿದರು.

ಧ್ವನಿವರ್ಧಕದ್ದು ಬೇರೆಯೇ ಕಥೆ. ಮೈಕಿನವರು ಭಾಗವತರಿಗೆ ಒಳ್ಳೆಯ ಮೈಕು ಕೊಡುತ್ತಾರೆ. ಉಳಿದದ್ದು ಮದ್ದಳೆಗೆ, ಅದೂ ಬಲಬದಿಗೆ ಮಾತ್ರ. ಎಡಗೈಯ ನಾದ ಹಾರ್ನ್ ಸ್ಪೀಕರಿನಲ್ಲಿ ಸತ್ತೇ ಹೋಗುತ್ತದೆ. ಆದ್ದರಿಂದ ಅವರು ಎಡಬದಿಗೆಂದು ಸ್ವಂತ ಮೈಕನ್ನೂ ತಂತಿಯನ್ನೂ ಒಯ್ಯುತ್ತಾರೆ. ಅದಕ್ಕೆ ಯಾರೂ ಬಾಡಿಗೆ ಕೊಟ್ಟಿಲ್ಲ, ಇವರು ಕೇಳಿಯೂ ಇಲ್ಲ.

ಇನ್ನು ನೋಟುಪುಸ್ತಕ. ಇದು ಒಬ್ಬರ ಒಂದು ಹಂಗಾಮಿನ ಲೆಕ್ಕ, ಎಲ್ಲರದ್ದೆಂದು ತಿಳಿಯಬಾರದು. ನವೆಂಬರಿನಿಂದ ಮೇವರೆಗೆ ಆಟ, ತಾಳಮದ್ದಳೆ ಸೇರಿ 84 ಕಾರ್ಯಕ್ರಮ. ಒಟ್ಟು ಸಂಭಾವನೆ 1,34,400 ರೂ. ಪ್ರಯಾಣ ಮತ್ತು ದಾರಿಯ ಊಟಕ್ಕೆ 26,040 ರೂ. ಮುಚ್ಚಿಗೆ ಬದಲಾವಣೆ, ಕರಣೆ, ದುರಸ್ತಿಗೆ 19,600 ರೂ. ಮೈಕು, ತಂತಿ, ಚೀಲಕ್ಕೆ 4,300 ರೂ. ವಾದ್ಯಗಳ ಸವಕಳಿ 7,200 ರೂ. ಉಳಿದದ್ದು 77,260 ರೂ., ಎಂದರೆ ಕಾರ್ಯಕ್ರಮವೊಂದಕ್ಕೆ ಸುಮಾರು 920 ರೂ. ಮನೆ ಬಿಟ್ಟು ಮನೆ ಸೇರುವ ತನಕ ಸರಾಸರಿ ಒಂಬತ್ತು ತಾಸು ಹಿಡಿದರೆ ತಾಸಿಗೆ ನೂರು ರೂಪಾಯಿ ಚಿಲ್ಲರೆ. ನಮ್ಮ ತೋಟಕ್ಕೆ ಬರುವ ಕೊನೆಗೌಡ ಇಷ್ಟಕ್ಕೆ ಮರ ಹತ್ತಲಾರ, ಹತ್ತಲೂಬಾರದು.

ಲೆಕ್ಕ ಹಾಕುತ್ತ ನಾನೊಂದು ತಪ್ಪು ಮಾಡಿದೆ. ಮೂರು ಮದ್ದಳೆಗಳಲ್ಲಿ ಏರುಶ್ರುತಿಯದು ಇಡೀ ಹಂಗಾಮಿನಲ್ಲಿ ಬಳಕೆಯಾದದ್ದು 11 ಸಲ ಮಾತ್ರ. ನಿಷ್ಕ್ರಿಯ ಆಸ್ತಿ, ಮಾರಿಬಿಡಿ ಎಂದೆ. ಅವರು ಪುಸ್ತಕವನ್ನು ತಿರುವಿ ಆ ಹನ್ನೊಂದು ದಿನಗಳನ್ನು ತೋರಿಸಿದರು. ಅವುಗಳಲ್ಲಿ ನಾಲ್ಕು ಕಡೆ ಬೇರೆ ಮದ್ದಳೆಗಾರರ ವಾದ್ಯ ಹೊಂದದೆ ಕೊನೆಯ ಗಳಿಗೆಯಲ್ಲಿ ಇವರಿಗೆ ಕರೆ ಬಂದಿತ್ತು. ಆ ನಾಲ್ಕೂ ಕಡೆಯವರು ಮತ್ತೆ ಕರೆದಿದ್ದರು. "ಯಾವ ಶ್ರುತಿಗೂ ಬರ್ತಾನೆ ಅನ್ನೋದೇ ನನ್ನ ಅಂಗಡಿಯ ಬೋರ್ಡು" ಎಂದರು. ವಿದ್ಯುತ್ ಹೋದಾಗ ಮಾತ್ರ ಓಡುವ ಜನರೇಟರನ್ನು ಯಾವ ಗಿರಣಿಯ ಮಾಲೀಕನಿಗೂ ಮಾರೆಂದು ನಾನು ಸಲಹೆ ಕೊಟ್ಟಿಲ್ಲ. ಸಲಹೆಯನ್ನು ಹಿಂತೆಗೆದುಕೊಂಡೆ.

ಹಳೆಯ ಮುಚ್ಚಿಗೆಗಳನ್ನು ಒಮ್ಮೆಲೇ ಬದಲಿಸಲು, ನಾಲ್ಕನೆಯ ವಾದ್ಯ ಕೊಳ್ಳಲು ಒಂದು ಸಣ್ಣ ಸಾಲ ಕೇಳೋಣವೆಂದು 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಅರ್ಜಿ ತುಂಬಿಕೊಟ್ಟೆ. ಅದರ ಶಿಶು ವರ್ಗದ ಮಿತಿ 50,000 ರೂ.; ಸೇವಾವಲಯಕ್ಕೂ ಅವಕಾಶವಿದೆ. ಬ್ಯಾಂಕೊಂದರ ಅಧಿಕಾರಿಗಳು ಅರ್ಜಿಯನ್ನು ನೋಡಿ, ಇದು ಉದ್ಯೋಗವಲ್ಲ, ಹವ್ಯಾಸ ಎಂದರು. ಲಿಖಿತವಾಗಿ ಕೊಡಿ ಎಂದಾಗ ಕೊಡಲಿಲ್ಲ. ವಾದ್ಯ ತಯಾರಿಸುವವರ ಸ್ಥಿತಿಯೂ ಹೀಗೆಯೇ. 2023ರ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ, ಕಮ್ಮಾರರಿದ್ದಾರೆ, ಮೀನುಬಲೆ ಹೆಣೆಯುವವರಿದ್ದಾರೆ, ಗೊಂಬೆ ಮಾಡುವವರಿದ್ದಾರೆ, ಮದ್ದಳೆ ಮಾಡುವವರಿಲ್ಲ.

ಕಾಲಮಿತಿ ಪ್ರದರ್ಶನಗಳು ಬಂದದ್ದು ಒಳ್ಳೆಯದೇ. ಮರುದಿನ ಅಂಗಡಿ ತೆರೆಯಬೇಕಾದ ನಮಗಂತೂ ಉಪಕಾರವೇ. ಆದರೆ ಇಡೀ ರಾತ್ರಿಯ ಆಟದಲ್ಲಿ ಮೊದಲ ಜಾವ ಒತ್ತು ಮದ್ದಳೆಗಾರನಾಗಿ ಕೂರುತ್ತಿದ್ದ ಹುಡುಗನಿಗೆ ಮೂರು ತಾಸಿನ ಆಟದಲ್ಲಿ ಜಾಗವಿಲ್ಲ. ನಮ್ಮ ವಾದಕರು ಕಲಿತದ್ದು ಆ ಮೊದಲ ಜಾವದಲ್ಲೇ. ಅವರ ಬಳಿ ಕಲಿಯಲು ಬರುವ ಇಬ್ಬರು ಹುಡುಗರು ಎಲ್ಲಿ ಕೂತು ಕೈ ಪಳಗಿಸಬೇಕು? ಇದಕ್ಕೆ ನನ್ನ ಪುಸ್ತಕದಲ್ಲಿ ಕಾಲಂ ಇಲ್ಲ.

ಪ್ರಾಯೋಜಕರಾದ ನಮ್ಮ ಕಡೆಗೆ ಬರೋಣ. ನಾವು ಆಟವನ್ನು ಒಟ್ಟು ಮೊತ್ತಕ್ಕೆ ಚೌಕಾಸಿ ಮಾಡುತ್ತೇವೆ. ಸಂಘಟಕರು ಹೆಸರಾಂತ ವೇಷಧಾರಿಗೂ ಭಾಗವತರಿಗೂ ಮೊದಲು ಕೊಟ್ಟು, ಮಿಕ್ಕದ್ದನ್ನು ಮದ್ದಳೆ, ಚಂಡೆಗಳಿಗೆ ಹಂಚುತ್ತಾರೆ. ನಾವು ಕಡಿಮೆ ಮಾಡಿಸಿದ ಎರಡು ಸಾವಿರ ಯಾರ ಕಿಸೆಯಿಂದ ಹೋಯಿತೆಂಬುದು ನಮಗೆ ತಿಳಿಯುವುದೇ ಇಲ್ಲ. ತೆರಿಗೆಯ ದೃಷ್ಟಿಯಿಂದಲೂ ಈ ಪದ್ಧತಿ ನಮಗೇ ತೊಡಕು: ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ ಅದು ವ್ಯವಹಾರದ ಖರ್ಚಾಗಿ ಮಾನ್ಯವಾಗದು. ಅಂಗಡಿಯ ಪ್ರಚಾರಕ್ಕೆ ಆಡಿಸಿದ ಆಟದ ಹಣವನ್ನು ಒಬ್ಬೊಬ್ಬ ಕಲಾವಿದರ ಖಾತೆಗೂ ನೇರವಾಗಿ ಹಾಕಿದರೆ ನಮಗೆ ವೋಚರ್ ಸಿಗುತ್ತದೆ. ಅವರಿಗೆ ಮುಂದೆ ಬ್ಯಾಂಕಿನಲ್ಲಿ ತೋರಿಸಲು ಆದಾಯದ ದಾಖಲೆ ಸಿಗುತ್ತದೆ. ಜಿ.ಎಸ್.ಟಿ. ಭಯ ಬೇಡ. ಜನಪದ ಅಥವಾ ಶಾಸ್ತ್ರೀಯ ಕಲೆಯ ಪ್ರದರ್ಶನಕ್ಕೆ ಕಲಾವಿದರು ಪಡೆಯುವ ಸಂಭಾವನೆ 1.5 ಲಕ್ಷ ರೂ. ಮೀರದಿದ್ದರೆ ವಿನಾಯಿತಿಯಿದೆ. ಕಲಾವಿದರನ್ನು ನಿಮ್ಮ ಸರಕಿನ ರಾಯಭಾರಿಯಾಗಿಸಿದರೆ ಮಾತ್ರ ಆ ವಿನಾಯಿತಿ ಇಲ್ಲ.

ಖರ್ಚಿಲ್ಲದ ಇನ್ನೊಂದು ಕೆಲಸವಿದೆ. ಭಾಗವತರು ಯಾರೆಂಬುದನ್ನು ಮದ್ದಳೆಗಾರರಿಗೆ ಮುಂಚಿತವಾಗಿ ತಿಳಿಸಿದರೆ ಅವರು ಮೂರರ ಬದಲು ಒಂದೇ ವಾದ್ಯ ಹೊತ್ತು ಬರಬಹುದು. ಯಲ್ಲಾಪುರದ ಆಟಕ್ಕೆ ಸಿದ್ದಾಪುರದಿಂದ ಹೋಗಿ ಬರುವವನಿಗೆ, ಬಸ್ಸಿನಲ್ಲೋ ಬಾಡಿಗೆ ಕಾರಿನಲ್ಲೋ ಎಂಬುದು ಅಷ್ಟರಲ್ಲೇ ತೀರ್ಮಾನವಾಗುತ್ತದೆ.

ನಮ್ಮ ವಾದಕರು ಅಂಗಡಿಯ ಕೆಲಸಕ್ಕೆ ಸೇರಿದರು, ಆದರೆ ಮಳೆಗಾಲದ ನಾಲ್ಕು ತಿಂಗಳಿಗೆ ಮಾತ್ರವೆಂಬ ಒಪ್ಪಂದದ ಮೇಲೆ. ಸಾಹುಕಾರರೂ ಯಕ್ಷಗಾನದ ಹುಚ್ಚಿನವರಾದ್ದರಿಂದ ಒಪ್ಪಿದರು. ವಾದ್ಯ ಯಾವುದನ್ನೂ ಮಾರಲಿಲ್ಲ. ದೀಪಾವಳಿಯ ಮರುವಾರ ಅವರು ಕಚೇರಿಗೆ ಬಂದು ಎರಡು ಮುಚ್ಚಿಗೆಗಳ ರಸೀದಿಯನ್ನು ಮೇಜಿನ ಮೇಲಿಟ್ಟರು. ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿದ್ದರು: "ಚಾಲ್ತಿ ದುರಸ್ತಿ".