ನಗಾರಿಯೊಳಗೆ ಸಿಕ್ಕ ಹುಡುಗ, ಪಂಜರ ಮಾಡಿಸಿದ ದೊರೆ

ಶ್ರೀರಂಗಪಟ್ಟಣದಲ್ಲಿ ದಿನಾ ಬಸ್ ಹತ್ತಿ ಇಳಿಯುವವರಿಗೂ ಹೈದರಾಲಿಯ ಬಾಲ್ಯದ ಕಥೆ ಅಷ್ಟಾಗಿ ಗೊತ್ತಿಲ್ಲ. ಅಪ್ಪ ಯುದ್ಧದಲ್ಲಿ ಸತ್ತಾಗ ಅವನಿಗೆ ಏಳರ ಆಸುಪಾಸು. ದೊಡ್ಡಬಳ್ಳಾಪುರದ ಜಹಗೀರುದಾರ ಅಬ್ಬಾಸ್ ಕುಲಿ ಖಾನ್ ಮನೆ ದೋಚಿದ. ಅಷ್ಟಕ್ಕೂ ತೃಪ್ತಿಯಿಲ್ಲ. ಅಣ್ಣ ಶಹಬಾಜ್‌ನನ್ನೂ ಹೈದರನನ್ನೂ ನಗಾರಿಯೊಳಗೆ ಕೂಡಿ ಹಿಂಸೆ ಕೊಟ್ಟು ಹಣ ಕೇಳಿದ ಎಂದು ಹಳೇ ಚರಿತ್ರೆಗಳು ಹೇಳುತ್ತವೆ.

1761ರಲ್ಲಿ ಆ ಹುಡುಗ ಮೈಸೂರು ಸೀಮೆಯ ಯಜಮಾನ. ಹಿಂದೆ ತನ್ನ ಕೈಕೆಳಗಿದ್ದು ತಿರುಗಿಬಿದ್ದ ಖಂಡೇರಾವ್ ಸೆರೆ ಸಿಕ್ಕ. ಅರಮನೆಯ ಹೆಂಗಸರು ಪ್ರಾಣಭಿಕ್ಷೆ ಬೇಡಿದರು. ಗಿಳಿಯ ಹಾಗೆ ಸಾಕುವುದಾಗಿ ಹೈದರ್ ಮಾತು ಕೊಟ್ಟ. ಮಾತಿಗೆ ತಪ್ಪಲಿಲ್ಲ! ಕಬ್ಬಿಣದ ಪಂಜರದಲ್ಲಿ ಕೂಡಿ ಹಾಲು ಅನ್ನ ಹಾಕಿಸಿದ.

ನಗಾರಿಯಿಂದಲೇ ಪಂಜರ ಹುಟ್ಟಿತು ಎಂದು ಆಣೆಯಿಟ್ಟು ಹೇಳಲಾಗದು. ಯಾಕೆಂದರೆ ಅದೇ ಸುಮಾರಿಗೆ ದೊಡ್ಡಬಳ್ಳಾಪುರವೂ ಹೈದರನ ವಶವಾಯಿತು. ಅಬ್ಬಾಸ್ ಪರಾರಿ, ಅವನ ತಾಯಿ ಸಿಕ್ಕಳು. ಹೈದರ್ ಆಕೆಯನ್ನು ಗೌರವದಿಂದಲೇ ನಡೆಸಿಕೊಂಡ. ಅಂದು ಆ ಮಕ್ಕಳಿಗಾಗಿ ಮರುಗಿದ್ದಳಂತೆ.

ಅಮೆರಿಕದ ಕ್ಯಾಥಿ ವಿಡಂ ಎಂಬ ಸಂಶೋಧಕಿ 1989ರಲ್ಲಿ ಇದನ್ನೇ ಲೆಕ್ಕ ಹಾಕಿ ತೋರಿಸಿದರು. ಹೊಡೆತಕ್ಕೋ ನಿರ್ಲಕ್ಷ್ಯಕ್ಕೋ ಸಿಕ್ಕಿದ್ದಕ್ಕೆ ಕೋರ್ಟಿನ ದಾಖಲೆ ಇದ್ದ 908 ಮಕ್ಕಳು ಒಂದು ಕಡೆ, ಅಂಥ ದಾಖಲೆ ಇಲ್ಲದ 667 ಮಕ್ಕಳು ಇನ್ನೊಂದು ಕಡೆ. ದೊಡ್ಡವರಾಗುವ ಮುಂಚೆಯೇ ಪೊಲೀಸರ ಕೈಗೆ ಸಿಕ್ಕವರು ಮೊದಲ ಗುಂಪಿನಲ್ಲಿ ನೂರಕ್ಕೆ 26, ಎರಡನೆಯದರಲ್ಲಿ 17. ಸಣ್ಣ ಅಂತರವಲ್ಲ. ಆದರೆ ಉಳಿದ 74 ಮಂದಿ? "ಏಟು ತಿಂದೋನು ರೌಡಿ ಆಗೇ ಆಗ್ತಾನೆ" ಅನ್ನುವವರು ಅವರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

"ಹೊಡೆದ್ರೇ ಬುದ್ಧಿ ಬರೋದು" ಎಂಬ ಮಾತು ಪಾಂಡವಪುರದಲ್ಲೂ ಉಂಟು, ನಾಗಮಂಗಲದಲ್ಲೂ ಉಂಟು. ಕೆ.ಆರ್. ಪೇಟೆ ಕಡೆ ಅಪ್ಪ ಅಮ್ಮ ಮುಂಬೈಗೆ ದುಡಿಯಲು ಹೋಗಿ, ಮಗು ಅಜ್ಜಿ ಹತ್ತಿರ ಬೆಳೆಯುವ ಮನೆಗಳಿವೆ. ಅಲ್ಲಿ ಚಿಕ್ಕಪ್ಪ ಬೆಲ್ಟ್ ಬಿಚ್ಚಿದರೆ ಮಗು ಯಾರ ಹತ್ತಿರ ಹೇಳಬೇಕು? ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮಗುವಿನ ಹೊಣೆ ಹೊತ್ತವರೇ ಕ್ರೌರ್ಯ ನಡೆಸಿದರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು. ಕಾಗದದಲ್ಲಿ ಎಲ್ಲಾ ಇದೆ ಸ್ವಾಮಿ.

ಅದೇ ಹುಡುಗ ಹದಿನಾರಕ್ಕೆ ಬೈಕ್ ಕದ್ದ ಅಂತಿಟ್ಟುಕೊಳ್ಳಿ. ಕೇಸು ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಅವನು ಆ ದಾರಿಗೆ ಬಂದದ್ದು ಹೇಗೆ ಎಂದು ಪ್ರೊಬೇಷನ್ ಅಧಿಕಾರಿ 15 ದಿನದೊಳಗೆ ವರದಿ ಕೊಡಬೇಕು. ರಕ್ಷಣೆ ಬೇಕಾದ ಮಗುವೂ ಅವನೇ ಎಂದು ಕಂಡರೆ ಮಂಡಳಿ ಅವನ ವಿಷಯವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬೇಕು. ಕದ್ದವನೂ ಅವನೇ, ಪೆಟ್ಟು ತಿಂದವನೂ ಅವನೇ ಎಂದು ಕಾನೂನೇ ಒಪ್ಪಿಕೊಂಡಿರುವ ಜಾಗ ಇದು.

ವರದಿ ಬರೆಯುವವರು ಬೀದಿಯಲ್ಲಿ ವಿಚಾರಿಸಿದರೆ ಸಿಗುವ ಉತ್ತರ: "ಅವ್ನು ಮೊದ್ಲಿಂದ್ಲೂ ಪೋಲಿ ಸಾರ್." ಚಿಕ್ಕವನಿದ್ದಾಗ ಅವನ ಬೆನ್ನಿನ ಬಾಸುಂಡೆ ಕಂಡವರು ಅದೇ ಅಂಗಡಿ ಸಾಲಿನಲ್ಲಿ ನಾಲ್ಕು ಜನ ಇರುತ್ತಾರೆ. ಅವತ್ತೇ 1098ಕ್ಕೆ ಫೋನ್ ಮಾಡಬಹುದಿತ್ತು. ಅದಕ್ಕೆ ಕಾಸೂ ಬೀಳುವುದಿಲ್ಲ.